ಕೊಳ್ಳೇಗಾಲದ ಸೀಮೆಯಲ್ಲಿ ಇಂಗ್ಲಿಷು ಕಲಿಸುವವರ ಕಮ್ಮಟ



ಮಕ್ಕಳಿಗೆ ಇಂಗ್ಲಿಷನ್ನು ಯಾವ ತರಗತಿಯಿಂದ ಕಲಿಸಬೇಕು, ಯಾವ ಪುಸ್ತಕದಿಂದ ಕಲಿಸಬೇಕು, ಕಲಿಸಲೇಬೇಕೆ ಎಂಬ ವಿಷಯಗಳಲ್ಲಿ ನಮ್ಮ ನಾಡಿನಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಸಭೆಗಳಲ್ಲಿ ನಡೆದಿದೆ, ಪತ್ರಿಕೆಗಳಲ್ಲಿ ನಡೆದಿದೆ, ನ್ಯಾಯಾಲಯಗಳಲ್ಲಿಯೂ ನಡೆದಿದೆ. ಆದರೆ ಆ ಇಂಗ್ಲಿಷನ್ನು ಕಲಿಸತಕ್ಕ ಉಪಾಧ್ಯಾಯರು ತಾವು ಅದನ್ನು ಎಲ್ಲಿ, ಯಾರಿಂದ, ಹೇಗೆ ಕಲಿತುಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ಯಾವಾಗಲೂ ಹಿಂದಿನ ಬೆಂಚಿನಲ್ಲಿಯೇ ಕುಳಿತಿರುತ್ತದೆ. ಈ ದಿನ ಆ ಪ್ರಶ್ನೆಯನ್ನೇ ಮುಂದಕ್ಕೆ ಕರೆದು ವಿಚಾರಿಸಬೇಕೆಂದಿದ್ದೇವೆ. ಇಡೀ ನಾಡಿನ ಮಾತೆತ್ತಿದರೆ ಮಾತು ಗಾಳಿಗೆ ಹೋಗುವ ಸಂಭವವುಂಟು. ಆದುದರಿಂದ ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾತನಾಡುತ್ತೇವೆ.

ಉಪಾಧ್ಯಾಯರನ್ನು ಕೆಲವು ದಿನ ಒಂದೆಡೆ ಸೇರಿಸಿ ಅವರ ಕಸುಬನ್ನು ಹರಿತಮಾಡುವ ಏರ್ಪಾಟಿಗೆ ಇಲಾಖೆಯ ಕಾಗದಗಳಲ್ಲಿ ತರಬೇತಿಯೆಂದೂ ಕಾರ್ಯಾಗಾರವೆಂದೂ ಹೆಸರು. ನಮಗೆ ಕಮ್ಮಟ ಎಂಬ ಮಾತು ಹೆಚ್ಚು ಹಿತವಾಗಿದೆ. ಹಳೆಯ ಕನ್ನಡದಲ್ಲಿ ಕಮ್ಮಟವೆಂದರೆ ಟಂಕಸಾಲೆ, ನಾಣ್ಯವನ್ನು ಅಚ್ಚುಹಾಕುವ ಸ್ಥಳ. ಅಲ್ಲಿಂದ ಹೊರಬಿದ್ದ ನಾಣ್ಯ ಸಂತೆಯಲ್ಲಿ ಚಲಾವಣೆಯಾಗುವುದೋ ಇಲ್ಲವೋ ಎಂದು ನೋಡುವುದು ಟಂಕಸಾಲೆಯವನ ಧರ್ಮವಲ್ಲವೆ? ಉಪಾಧ್ಯಾಯರ ಕಮ್ಮಟಗಳನ್ನೂ ನಾವು ಅದೇ ಒರೆಗಲ್ಲಿಗೆ ಹಚ್ಚಿ ನೋಡತಕ್ಕದ್ದು.

ಮೊದಲು ಸೀಮೆಯ ವಿಚಾರ. ಕೊಳ್ಳೇಗಾಲದ ತಾಲ್ಲೂಕು ೧೯೫೬ನೆಯ ಇಸವಿಯ ನವೆಂಬರ್ ೧ನೆಯ ತಾರೀಖಿನವರೆಗೆ ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹನೂರು ಆಗ ಅದರ ಒಳಗಿನ ಊರು. ಅದು ಪ್ರತ್ಯೇಕ ತಾಲ್ಲೂಕಾದುದು ತೀರ ಈಚೆಗೆ. ಯಳಂದೂರಾದರೋ ಮೈಸೂರು ಸಂಸ್ಥಾನದೊಳಗಣ ಜಹಗೀರು; ದಿವಾನ್ ಪೂರ್ಣಯ್ಯನವರಿಗೆ ೧೮೦೭ರಲ್ಲಿ ದೊರೆತುದು. ಹೀಗೆ ಒಂದು ಹಗಲಿನ ಗಾಡಿಯ ದಾರಿಯೊಳಗೆ ಎರಡು ಸರ್ಕಾರಗಳ ಶಾಲೆಗಳು, ಎರಡು ಬಗೆಯ ಪರೀಕ್ಷೆಗಳು, ಎರಡು ಬಗೆಯ ಇನ್ಸ್‌ಪೆಕ್ಟರುಗಳು. ಈಗ ಮೂರೂ ೧೯೯೭ರಲ್ಲಿ ಹುಟ್ಟಿದ ಚಾಮರಾಜನಗರ ಜಿಲ್ಲೆಯಲ್ಲಿ ಒಂದಾಗಿವೆ.

ಈ ಸೀಮೆಯನ್ನು ಹಿಂದುಳಿದದ್ದೆಂದು ಕರೆಯುವುದು ವಾಡಿಕೆ. ಮಾತಿನ ವಿಷಯದಲ್ಲಿ ಹಾಗೆನ್ನುವವರು ಸ್ವಲ್ಪ ತಡೆದು ಯೋಚಿಸಬೇಕು. ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಯಳಂದೂರಿನವಳು. ಓದುಬರಹವಿಲ್ಲದ ಕಂಸಾಳೆಯವರು ಮಲೆಯ ಮಾದೇಶ್ವರನ ಕಥೆಯನ್ನು ಇರುಳೆಲ್ಲ ಹಾಡಿ ಮುಗಿಯದಷ್ಟು ನೆನಪಿನಲ್ಲಿಟ್ಟುಕೊಂಡವರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತಮ್ಮದೇ ಆದ ನುಡಿಯುಂಟು, ತಮ್ಮದೇ ಆದ ಹಾಡುಗಳುಂಟು. ಹನೂರಿನ ಆಚೆ, ಗೋಪಿನಾಥಂ ಮಾರ್ಟಳ್ಳಿಗಳ ಕಡೆಗೆ ಹೋದರೆ ಮನೆಮಾತು ತಮಿಳು. ಒಡೆಯರಪಾಳ್ಯದ ಬಳಿ ೧೯೭೦ರ ದಶಕದಲ್ಲಿ ನೆಲೆಸಿದ ಟಿಬೆಟಿನವರ ಮಕ್ಕಳು ಮನೆಯಲ್ಲಿ ಟಿಬೆಟನ್ ಆಡಿ, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಕೊಳ್ಳೇಗಾಲದ ರೇಷ್ಮೆಯ ಅಂಗಡಿಯಲ್ಲಿ ಕುಳಿತರೆ ಒಂದು ಗಳಿಗೆಯಲ್ಲಿ ಮೂರು ಭಾಷೆ ಕಿವಿಗೆ ಬೀಳುವುದು ದೊಡ್ಡ ಮಾತಲ್ಲ. ಇಷ್ಟು ಭಾಷೆಗಳ ನಡುವೆ ಬೆಳೆದ ಮಗುವಿಗೆ ಇನ್ನೊಂದು ಭಾಷೆ ಕಲಿಯಲು ಬುದ್ಧಿ ಸಾಲದೆಂದು ಹೇಳುವವರು ಯಾರು?

ಹಾಗಾದರೆ ತೊಡಕೆಲ್ಲಿ? ಈ ಭಾಷೆಗಳೆಲ್ಲ ಮಗುವಿನ ಕಿವಿಗೆ ಬಿದ್ದುವು, ಇಂಗ್ಲಿಷು ಬೀಳಲಿಲ್ಲ. ಸರ್ಕಾರದ ಕಾಗದದಲ್ಲಿ ಇಂಗ್ಲಿಷು ದ್ವಿತೀಯ ಭಾಷೆ. ಬೆಂಗಳೂರಿನ ಬೀದಿಯಲ್ಲಿ ಆ ಮಾತು ಸಲ್ಲಬಹುದು. ಮಾದೇಶ್ವರನ ಬೆಟ್ಟದ ಸೆರಗಿನ ಒಂದು ಪೋಡಿನಲ್ಲಿ ಅದು ದ್ವಿತೀಯವೂ ಅಲ್ಲ, ತೃತೀಯವೂ ಅಲ್ಲ. ಶುದ್ಧವಾಗಿ ಪರದೇಶದ ಭಾಷೆ. ಶಾಲೆಯ ನಲವತ್ತು ನಿಮಿಷ ಬಿಟ್ಟರೆ ದಿನದ ಬೇರೆ ಯಾವ ಹೊತ್ತಿನಲ್ಲಿಯೂ ಅದರ ಒಂದು ವಾಕ್ಯವನ್ನು ಆ ಮಗು ಯಾರ ಬಾಯಿಂದಲೂ ಕೇಳುವುದಿಲ್ಲ. ಮಗುವಿಗೆ ಸಿಕ್ಕುವ ಇಂಗ್ಲಿಷೆಲ್ಲ ಉಪಾಧ್ಯಾಯರ ಬಾಯಿಂದ ಸಿಕ್ಕುವುದೇ. ಆ ಬಾವಿಯಲ್ಲಿ ನೀರಿಲ್ಲದಿದ್ದರೆ ಕೊಡ ಎಷ್ಟು ಚೆನ್ನಾಗಿದ್ದರೇನು?

ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷು ಐದನೆಯ ತರಗತಿಯಿಂದ ಪ್ರಾರಂಭವಾಗುತ್ತಿತ್ತು. ೨೦೦೭-೦೮ನೆಯ ವರ್ಷದಿಂದ ಅದನ್ನು ಒಂದನೆಯ ತರಗತಿಗೆ ಇಳಿಸಿದರು. ೨೦೧೯ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೇ ತೆರೆದರು. ಮಕ್ಕಳ ಪುಸ್ತಕ ಒಂದು ಆಜ್ಞೆಯಿಂದ ಬದಲಾಯಿತು. ಉಪಾಧ್ಯಾಯರ ನಾಲಗೆ ಆಜ್ಞೆಯಿಂದ ಬದಲಾಗುವುದೆ? ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ತರಬೇತಿ ಹೊಂದಿ, ಹತ್ತು ಹದಿನೈದು ವರ್ಷ ಲೆಕ್ಕವನ್ನೂ ಪರಿಸರವನ್ನೂ ಸೊಗಸಾಗಿ ಹೇಳಿಕೊಡುತ್ತಿದ್ದ ಮೇಷ್ಟರಿಗೆ ಒಂದು ಜೂನ್ ತಿಂಗಳಲ್ಲಿ, ನಾಳೆಯಿಂದ ನೀವು ಇಂಗ್ಲಿಷು ಮಾತನಾಡಿರಿ ಎಂದರೆ ಅವರ ಸ್ಥಿತಿ ಏನಾಗಬೇಕು! ಪ್ರೌಢಶಾಲೆಯಲ್ಲಿ ಕೂಡ ಇತಿಹಾಸ ಹೇಳುವವರೇ ಇಂಗ್ಲಿಷನ್ನೂ ಹೇಳುವುದುಂಟು. ಅವರಲ್ಲಿ ಅನೇಕರು ಪಾಠವನ್ನು ಕನ್ನಡದಲ್ಲಿ ವಿವರಿಸಿ, ಪ್ರಶ್ನೋತ್ತರಗಳನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿ ಪರೀಕ್ಷೆಯ ಹೊಳೆಯನ್ನು ದಾಟಿಸುತ್ತಾರೆ. ಅವರನ್ನು ಹಳಿಯುವುದಕ್ಕೆ ನಮಗೆ ಮನಸ್ಸು ಬಾರದು. ಕೈಯಲ್ಲಿದ್ದ ಹುಟ್ಟಿನಿಂದ ಅವರು ದೋಣಿ ನಡೆಸಿದರು.

ಆದರೆ ಆ ಹೊಳೆಯ ಆಚೆ ದಡದಲ್ಲಿ ಏನಾಗುತ್ತದೆಂದು ನೋಡಿರಿ. ಹನೂರಿನ ಕಡೆಯ ಒಂದು ಹಳ್ಳಿಯಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ ಕೊಳ್ಳೇಗಾಲಕ್ಕೆ ಬಂದು ವಿಜ್ಞಾನದ ತರಗತಿಗೆ ಸೇರುತ್ತಾಳೆ. ವೇಗ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಅವಳು ಅರ್ಥಮಾಡಿಕೊಂಡು ಕಲಿತದ್ದೆಲ್ಲ ಒಂದೇ ದಿನದಲ್ಲಿ ಹೆಸರು ಬದಲಾಯಿಸಿಕೊಂಡು ಅಪರಿಚಿತರಂತೆ ಎದುರು ನಿಲ್ಲುತ್ತವೆ. ವಿಷಯ ಬಲ್ಲವಳು ವಿಷಯ ಅರಿಯದವಳಂತೆ ಸುಮ್ಮನೆ ಕುಳಿತುಕೊಳ್ಳಬೇಕು. ಇದನ್ನು ಊಹಿಸಿಯೇ ವಿಜ್ಞಾನದ ಹೆಸರೆತ್ತದೆ ಹಿಂಜರಿಯುವ ಮಕ್ಕಳೂ ಇದ್ದಾರೆ. ಅತ್ತ ತಂದೆತಾಯಿಗಳು ಇದೇ ಭಯದಿಂದ, ಕೂಲಿಯ ದುಡ್ಡನ್ನು ಉಳಿಸಿ, ಮಕ್ಕಳನ್ನು ವ್ಯಾನು ಹತ್ತಿಸಿ ಕಾನ್ವೆಂಟಿಗೆ ಕಳುಹಿಸುತ್ತಾರೆ. ಊರ ಶಾಲೆಯಲ್ಲಿ ಮೂವತ್ತು ಮಕ್ಕಳಿದ್ದದ್ದು ಹದಿನೈದಾಗುತ್ತದೆ, ಹದಿನೈದು ಎಂಟಾಗುತ್ತದೆ. ಇಂಗ್ಲಿಷು ಹೇಳುವ ಮೇಷ್ಟರ ನಾಲಗೆಯ ತೊದಲಿಗೆ ಒಂದು ಊರಿನ ಶಾಲೆಯೇ ದಂಡ ತೆರುವ ಹಾಗಾಗುತ್ತದೆ. ಕಮ್ಮಟದ ಮಾತು ಕೇವಲ ಪಂಡಿತರ ಮಾತಲ್ಲವೆಂದು ನಾವು ಹೇಳುವುದು ಇದಕ್ಕಾಗಿಯೇ.

ಇನ್ನು ಕಮ್ಮಟಗಳ ಚರಿತ್ರೆ. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷು ಬೋಧನೆಯ ಸುಧಾರಣೆಗಾಗಿ ೧೯೫೬ರಲ್ಲಿ ಅಲಹಾಬಾದಿನಲ್ಲಿ ಒಂದು ಸಂಸ್ಥೆ, ೧೯೫೮ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಸಂಸ್ಥೆ, ೧೯೬೩ರಲ್ಲಿ ದಕ್ಷಿಣದ ರಾಜ್ಯಗಳಿಗೆಂದು ಬೆಂಗಳೂರಿನಲ್ಲಿ ಪ್ರಾದೇಶಿಕ ಆಂಗ್ಲ ಸಂಸ್ಥೆ ಸ್ಥಾಪಿತವಾದುವು. ನಮ್ಮ ಜಿಲ್ಲೆಗಳಿಂದ ಉಪಾಧ್ಯಾಯರು ಒಂದು ತಿಂಗಳ ಶಿಕ್ಷಣಕ್ಕೆ ಹೋಗುವುದು ಈ ಬೆಂಗಳೂರಿನ ಸಂಸ್ಥೆಗೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಡಯಟ್ ಎಂದು ಉಪಾಧ್ಯಾಯರ ಬಾಯಲ್ಲಿ ಪ್ರಸಿದ್ಧವಾದದ್ದು, ಹುಟ್ಟಿತು. ಅದರ ಕೆಳಗೆ ತಾಲ್ಲೂಕಿನ ಮಟ್ಟದಲ್ಲಿ ಬಿ.ಆರ್.ಸಿ., ಹತ್ತಾರು ಶಾಲೆಗಳ ಮಟ್ಟದಲ್ಲಿ ಸಿ.ಆರ್.ಸಿ. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ ವಿದ್ಯೆ ಮೆಟ್ಟಿಲಿಳಿದು ಬರಬೇಕೆಂಬುದು ಏರ್ಪಾಟು.

ಈ ಮೆಟ್ಟಿಲಿನ ಉಪಾಯ ಹೊಸದಲ್ಲ. ೧೯೫೦ರ ದಶಕದ ಕೊನೆಯಲ್ಲಿ ಮದರಾಸು ರಾಜ್ಯದಲ್ಲಿ ಇಪ್ಪತ್ತೇಳು ಸಾವಿರ ಪ್ರಾಥಮಿಕ ಉಪಾಧ್ಯಾಯರಿಗೆ ಇಂಗ್ಲಿಷು ಬೋಧನೆಯ ಹೊಸ ಕ್ರಮವನ್ನು ಕಲಿಸಲು ಒಂದು ಭಾರಿ ಪ್ರಯತ್ನ ನಡೆಯಿತು. ಕೆಲವರಿಗೆ ಚೆನ್ನಾಗಿ ಕಲಿಸುವುದು, ಅವರು ಇನ್ನಷ್ಟು ಜನಕ್ಕೆ ಕಲಿಸುವುದು, ಅವರು ಮತ್ತಷ್ಟು ಜನಕ್ಕೆ. ಹೀಗೆ ಉರುಳುತ್ತ ಉರುಳುತ್ತ ದೊಡ್ಡದಾಗಲೆಂದು ಅದಕ್ಕೆ ಮದರಾಸಿನ ಹಿಮದ ಉಂಡೆ ಎಂದೇ ಹೆಸರು ಬಿತ್ತು. ಮದರಾಸಿನ ಬಿಸಿಲಿನಲ್ಲಿ ಹಿಮದ ಉಂಡೆಯೆಂಬ ಹೆಸರನ್ನು ಯಾವ ರಸಿಕರು ಇಟ್ಟರೋ! ಕೊಳ್ಳೇಗಾಲ ಕೆಲವೇ ವರ್ಷ ಮೊದಲು ಮೈಸೂರಿಗೆ ಸೇರಿಹೋಗಿತ್ತಾದುದರಿಂದ ಆ ಉಂಡೆ ಇತ್ತ ಉರುಳಲಿಲ್ಲ. ಆದರೆ ಅದರ ಗುಣದೋಷಗಳು ಈಗಿನ ಮೆಟ್ಟಿಲಿಗೂ ಅಂಟಿಕೊಂಡಿವೆ. ಬೆಂಗಳೂರಿನಲ್ಲಿ ಒಂದು ತಿಂಗಳು ನಡೆದ ಪಾಠ ಜಿಲ್ಲೆಯಲ್ಲಿ ಹತ್ತು ದಿನವಾಗುತ್ತದೆ, ತಾಲ್ಲೂಕಿನಲ್ಲಿ ಮೂರು ದಿನವಾಗುತ್ತದೆ, ಶಾಲೆಯ ಗುಂಪಿನ ಸಭೆಯಲ್ಲಿ ಒಂದು ಮಧ್ಯಾಹ್ನವಾಗುತ್ತದೆ. ಕ್ರಮದ ಹೆಸರು ಕೊನೆಯವರೆಗೂ ಇಳಿದು ಬರುತ್ತದೆ. ಕ್ರಮವನ್ನು ನಡೆಸಲು ಬೇಕಾದ ಭಾಷೆ ಮೇಲಿನ ಮೆಟ್ಟಿಲಿನಲ್ಲಿಯೇ ಉಳಿದುಬಿಡುತ್ತದೆ.

ನಾವು ಅಲ್ಲಲ್ಲಿ ನೋಡಿದ ಕಮ್ಮಟಗಳ ರೀತಿಯನ್ನು ಹೇಳುತ್ತೇವೆ. ಬೆಳಗ್ಗೆ ಹತ್ತು ಗಂಟೆಗೆ ಉದ್ಘಾಟನೆ, ಭಾಷಣ, ಚಹಾ. ಆ ಮೇಲೆ ಸಂಪನ್ಮೂಲ ವ್ಯಕ್ತಿಯೆಂಬ ಗಂಭೀರವಾದ ಬಿರುದಿನ ಮಹನೀಯರು ಬೋಧನೆಯ ತತ್ತ್ವಗಳನ್ನು ಕುರಿತು ಉಪನ್ಯಾಸ ಮಾಡುತ್ತಾರೆ. ಉಪಾಧ್ಯಾಯರು ಐದೈದು ಜನ ಗುಂಪಾಗಿ ಕುಳಿತು ಬಣ್ಣದ ಕಾಗದದ ಮೇಲೆ ಪಟ ಬರೆದು ಗೋಡೆಗೆ ಅಂಟಿಸುತ್ತಾರೆ. ಗುಂಪಿನಲ್ಲಿ ಇಂಗ್ಲಿಷು ಬಲ್ಲವರೊಬ್ಬರು ಎದ್ದು ಎಲ್ಲರ ಪರವಾಗಿ ಮಾತನಾಡುತ್ತಾರೆ. ಉಳಿದ ನಾಲ್ವರು ತಲೆದೂಗುತ್ತಾರೆ. ಕಮ್ಮಟದ ಐದು ದಿನವೂ ಆ ನಾಲ್ವರ ಬಾಯಿಂದ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ಹೊರಡದೆ ಹೋಗುವುದು ಸಾಧ್ಯ. ತಪ್ಪಾಡಿದರೆ ನಗುತ್ತಾರೆಂಬ ಹೆದರಿಕೆ ಮಕ್ಕಳಿಗಿಂತ ದೊಡ್ಡವರಿಗೆ ಹೆಚ್ಚು. ಊರಿನಲ್ಲಿ ಎಲ್ಲರೂ ಕೈಮುಗಿಯುವ ಮೇಷ್ಟರು ಮೂವತ್ತು ಜನರೆದುರು ಕ್ರಿಯಾಪದ ತಪ್ಪಿ ತಲೆ ತಗ್ಗಿಸಲು ಒಪ್ಪುವುದು ಸುಲಭವೆ?

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಕಮ್ಮಟದ ಮುಕ್ಕಾಲು ಪಾಲು ಹೊತ್ತು ಬೋಧನೆಯ ತತ್ತ್ವಕ್ಕಲ್ಲ, ಭಾಷೆಗೇ ಸಲ್ಲಬೇಕು. ಉಪಾಧ್ಯಾಯರು ಸುಲಭವಾದ ಇಂಗ್ಲಿಷಿನ ಕಥೆಪುಸ್ತಕಗಳನ್ನು ಸಂತೋಷಕ್ಕಾಗಿ ಓದಬೇಕು. ಇಬ್ಬಿಬ್ಬರಾಗಿ, ಮೂರನೆಯವರ ಕಿವಿಗೆ ಬೀಳದಂತೆ, ಮಾತನಾಡಬೇಕು. ತರಗತಿಯಲ್ಲಿ ದಿನವೂ ಬೇಕಾಗುವ ನೂರು ನೂರೈವತ್ತು ವಾಕ್ಯಗಳನ್ನು, ಬಾಗಿಲು ತೆರೆ, ಸಾಲಾಗಿ ನಿಲ್ಲು, ನಿನ್ನೆ ಏಕೆ ಬರಲಿಲ್ಲ ಎಂಬಂಥವನ್ನು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಡವರಿಸದೆ ಆಡುವಷ್ಟು ರೂಢಿಮಾಡಿಕೊಳ್ಳಬೇಕು. ಕನ್ನಡವನ್ನು ಕಮ್ಮಟದಿಂದ ಹೊರಗೆ ಹಾಕುವ ಕಟ್ಟುಪಾಡು ಕೆಲವು ಕಡೆ ಉಂಟು. ಅದು ನಮಗೆ ಸರಿದೋರುವುದಿಲ್ಲ. ನನಗೆ ಹಸಿವು, ನನಗೆ ಇಬ್ಬರು ಅಣ್ಣಂದಿರು, ನನಗೆ ಜ್ವರ ಎಂದು ಕನ್ನಡ ಮೂರು ಕಡೆಯೂ ‘ನನಗೆ’ ಎನ್ನುತ್ತದೆ. ಇಂಗ್ಲಿಷು ಒಂದು ಕಡೆ ‘ಆಯ್ ಆಮ್’, ಉಳಿದ ಕಡೆ ‘ಆಯ್ ಹ್ಯಾವ್’ ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮೆ ತೋರಿಸಿದರೆ ಮೇಷ್ಟರಿಗೆ ತಿಳಿಯುವಷ್ಟು, ಒಂದು ವಾರದ ಮೂಕಾಭಿನಯದಿಂದ ತಿಳಿಯಲಾರದು.

ಉಚ್ಚಾರಣೆಯ ವಿಷಯಕ್ಕೆ ಬರೋಣ. ಈ ಸೀಮೆಯ ಆಡುನುಡಿಯಲ್ಲಿ ಹಕಾರಕ್ಕೆ ಅಷ್ಟು ಮರ್ಯಾದೆಯಿಲ್ಲ. ಹಾಲು ಆಲಾಗುತ್ತದೆ, ಹಟ್ಟಿ ಅಟ್ಟಿಯಾಗುತ್ತದೆ. ಅದೇ ನಾಲಗೆಯ ಮೇಲೆ ಇಂಗ್ಲಿಷಿನ ಹ್ಯಾಟು ಆಟಾಗುವುದು, ಹೌಸು ಔಸಾಗುವುದು ಸ್ವಾಭಾವಿಕ. ಇದಕ್ಕಾಗಿ ನಾಚತಕ್ಕದ್ದೇನೂ ಇಲ್ಲ. ಲಂಡನ್ ನಗರದ ಪೂರ್ವಭಾಗದ ಶ್ರಮಜೀವಿಗಳೂ ತಮ್ಮ ಹಕಾರವನ್ನು ಹೀಗೆಯೇ ನುಂಗುತ್ತಾರೆಂಬುದು ಲೋಕಪ್ರಸಿದ್ಧ. ಶಬ್ದದ ಮೊದಲಿನ ಎಕಾರಕ್ಕೆ ಯಕಾರದ ಬೆಸುಗೆ ಹಾಕಿ ಯೆಗ್ಗು ಎನ್ನುವುದು, ಕೊನೆಗೆ ಉಕಾರ ಸೇರಿಸಿ ಪೆನ್ನು, ಬಸ್ಸು ಎನ್ನುವುದು, ಮುಂದೆ ಇಕಾರವಿಟ್ಟು ಇಸ್ಕೂಲು ಎನ್ನುವುದು, ಇವೆಲ್ಲ ಬಾಯಿಯ ಅಭ್ಯಾಸಗಳು. ಇವುಗಳಿಗಿಂತ ದೊಡ್ಡ ತೊಡಕು ಇಂಗ್ಲಿಷಿನ ಒತ್ತಿನದು. ಕನ್ನಡ ಅಕ್ಷರಕ್ಕೆ ಅಕ್ಷರ ಹೆಚ್ಚು ಕಡಮೆ ಸಮನಾಗಿ ಹೆಜ್ಜೆಯಿಡುತ್ತದೆ. ಇಂಗ್ಲಿಷು ಒಂದಕ್ಷರವನ್ನು ಮೆಟ್ಟಿ ಎರಡಕ್ಷರವನ್ನು ಹಾರಿ ನಡೆಯುತ್ತದೆ. ಫೋಟೋಗ್ರಾಫ್ ಎಂಬಲ್ಲಿ ಒತ್ತು ಮೊದಲನೆಯ ಅಕ್ಷರಕ್ಕೆ. ಫೊಟಾಗ್ರಫಿ ಎಂದಾಗ ಎರಡನೆಯದಕ್ಕೆ ಜಿಗಿಯಿತು. ಇದನ್ನು ಬಾಯಿಂದ ವಿವರಿಸುವ ಬದಲು ಕೈಯಿಂದ ತಾಳ ಹಾಕಿ ತೋರಿಸಿದರೆ ಕೂಡಲೇ ತಿಳಿಯುತ್ತದೆ. ಕಂಸಾಳೆಯ ನಾಡಿನ ಉಪಾಧ್ಯಾಯರಿಗೆ, ಮಕ್ಕಳಿಗೆ ತಾಳವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಾಕ್ಯದಲ್ಲಿ ಒತ್ತು ಬೀಳುವ ಕಡೆ ಒಂದು ಪೆಟ್ಟು, ನಡುವಣ ಅಕ್ಷರಗಳೆಲ್ಲ ಎರಡು ಪೆಟ್ಟಿನ ಎಡೆಯಲ್ಲಿ ಅವಸರದಿಂದ ಅಡಗಬೇಕು. ಕಮ್ಮಟದ ಮೇಜಿನ ಮೇಲೆ ಒಂದು ಜೊತೆ ಕಂಸಾಳೆಯನ್ನಿಟ್ಟರೆ ಧ್ವನಿಶಾಸ್ತ್ರದ ಎರಡು ಉಪನ್ಯಾಸ ಉಳಿಯುತ್ತದೆಂದು ನಮ್ಮ ನಂಬಿಕೆ.

ಬೋಧನೆಯ ಕ್ರಮಗಳಲ್ಲಿ ನಮ್ಮ ಹತ್ತಿರದಲ್ಲಿಯೇ ನಡೆದು ಜಗತ್ತಿನ ಗಮನ ಸೆಳೆದ ಒಂದು ಪ್ರಯೋಗವನ್ನು ಹೇಳದೆ ಬಿಡಲಾಗದು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರು, ಮದರಾಸು, ಕಡಲೂರು ಮೊದಲಾದೆಡೆಗಳ ಸಾಮಾನ್ಯ ಶಾಲೆಗಳಲ್ಲಿ ಇದನ್ನು ನಡೆಸಿದರು. ವ್ಯಾಕರಣವನ್ನು ಕಲಿಸದೆ, ವಾಕ್ಯಗಳನ್ನು ಗಿಣಿಪಾಠ ಮಾಡಿಸದೆ, ಮಕ್ಕಳಿಗೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಕೊಟ್ಟು, ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹೇಳುವುದು ಅವರ ಕ್ರಮ. ಬುದ್ಧಿ ಅರ್ಥದಲ್ಲಿ ತೊಡಗಿದ್ದಾಗ ಭಾಷೆ ತಾನಾಗಿ ಮೈಗೂಡುತ್ತದೆಂಬುದು ಅವರ ತರ್ಕ. ೧೯೮೭ರಲ್ಲಿ ಅವರು ಇದನ್ನು ಕುರಿತು ಪುಸ್ತಕ ಬರೆದರು. ದೂರದ ದೇಶಗಳ ವಿದ್ವಾಂಸರು ಇಂದಿಗೂ ಅದನ್ನು ಓದುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಊರುಗಳಿಗೂ ರೈಲಿಲ್ಲ. ಅದರಿಂದೇನು? ಕೊಳ್ಳೇಗಾಲದ ಬಸ್ಸು ನಿಲ್ದಾಣದ ಹಲಗೆಯಿದೆ. ಹನೂರಿನಿಂದ ಮುಂಜಾನೆ ಹೊರಟ ಅಜ್ಜಿ ಮಧ್ಯಾಹ್ನದೊಳಗೆ ಬಿಳಿಗಿರಿರಂಗನ ದರ್ಶನ ಮುಗಿಸಿ ಸಂಜೆಯ ಬಸ್ಸಿಗೆ ಹಿಂದಿರುಗಬಲ್ಲಳೆ? ಒಂದು ಮಗ್ಗದಲ್ಲಿ ಒಂದು ಸೀರೆಗೆ ಇಷ್ಟು ದಿನವಾದರೆ ಮದುವೆಗೆ ಬೇಕಾದ ನಾಲ್ಕು ಸೀರೆಗೆ ಎಷ್ಟು ಮಗ್ಗ ಹೂಡಬೇಕು? ಇಂಥ ಲೆಕ್ಕಗಳನ್ನು ಉಪಾಧ್ಯಾಯರೇ ಕಮ್ಮಟದಲ್ಲಿ ಕುಳಿತು ಕಟ್ಟಬೇಕು. ರಾಜಧಾನಿಯಿಂದ ಅಚ್ಚಾಗಿ ಬಂದುವು ಸಾಲವು.

ಪ್ರಭು ಅವರೇ ೧೯೯೦ರಲ್ಲಿ ಬರೆದ ಒಂದು ಲೇಖನದಲ್ಲಿ, ಎಲ್ಲರಿಗೂ ಎಲ್ಲೆಡೆಯೂ ಶ್ರೇಷ್ಠವಾದ ಒಂದೇ ಕ್ರಮವೆಂಬುದಿಲ್ಲ, ತಾನು ಮಾಡುವ ಪಾಠದಿಂದ ಮಗು ಹೇಗೆ ಕಲಿಯುತ್ತದೆಂಬ ವಿಷಯದಲ್ಲಿ ಉಪಾಧ್ಯಾಯನಿಗೆ ತನ್ನದೇ ಆದ ಒಂದು ನಂಬಿಕೆ ಜೀವಂತವಾಗಿರಬೇಕು ಎಂಬ ಅರ್ಥದ ಮಾತು ಹೇಳಿದರು. ಒಂದು ಹೊಸ ಕ್ರಮವನ್ನು ಕಂಡುಹಿಡಿದವರೇ ಹೀಗೆ ಹೇಳಿದ್ದು ದೊಡ್ಡತನ. ವರ್ಷಕ್ಕೊಂದು ಹೊಸ ಹೆಸರಿನ ಕ್ರಮವನ್ನು ಮೇಲಿನಿಂದ ಇಳಿಸುವವರು ಇದನ್ನು ಓದಿದರೆ ಒಳ್ಳೆಯದು.

ಇನ್ನೊಬ್ಬರ ಮಾತೂ ನಮಗೆ ನೆನಪಿಗೆ ಬರುತ್ತದೆ. ಢಾಕಾ ನಗರದಲ್ಲಿ ಉಪಾಧ್ಯಾಯರ ತರಬೇತಿಯ ಕೆಲಸದಲ್ಲಿದ್ದ ಮೈಕೇಲ್ ವೆಸ್ಟ್ ಎಂಬವರು ೧೯೨೬ರಲ್ಲಿ ಬಂಗಾಳದ ದ್ವಿಭಾಷಾ ಶಿಕ್ಷಣವನ್ನು ಕುರಿತು ಗ್ರಂಥ ಬರೆದರು. ಜೀವವಿಮೆಯವರ ಮಾತಿನಲ್ಲಿ ಸರೆಂಡರ್ ಮೌಲ್ಯವೆಂದು ಒಂದಿದೆ. ಕಂತು ಕಟ್ಟುವುದನ್ನು ನಡುವೆ ನಿಲ್ಲಿಸಿದವನಿಗೆ ಕೈಗೆ ಸಿಗುವ ಹಣ. ವೆಸ್ಟ್ ಅವರು ಆ ಮಾತನ್ನು ಶಾಲೆಯ ಇಂಗ್ಲಿಷಿಗೆ ಹಚ್ಚಿದರು. ಎರಡು ವರ್ಷ ಕಲಿತು ಶಾಲೆ ಬಿಟ್ಟ ಮಗುವಿಗೆ ಆ ಎರಡು ವರ್ಷದ ಇಂಗ್ಲಿಷಿನಿಂದ ಕೈಗೆ ಸಿಕ್ಕುವುದೇನು? ಮಾತನಾಡುವುದನ್ನೇ ಮೊದಲು ಹಿಡಿದು ಅರ್ಧಕ್ಕೆ ಬಿಟ್ಟರೆ ಏನೂ ಉಳಿಯದು, ಓದುವ ಶಕ್ತಿ ಬಂದಿದ್ದರೆ ಸ್ವಲ್ಪವಾದರೂ ಉಳಿಯುವುದೆಂದು ಅವರ ವಾದ. ಇಂದಿನ ವಿದ್ವಾಂಸರೆಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೂ ಬೆಟ್ಟದ ಶಾಲೆಗೆ ಇದು ತಕ್ಕ ಪ್ರಶ್ನೆ. ಕಾಫಿ ಬೀಜ ಕೊಯ್ಯುವ ಕಾಲಕ್ಕೆ ತಂದೆತಾಯಿಗಳ ಹಿಂದೆ ತೋಟಕ್ಕೆ ಹೋಗುವ ಮಗು, ಹತ್ತನೆಯ ತರಗತಿ ಮುಟ್ಟದೆ ನಿಲ್ಲುವ ಮಗು ಔಷಧಿಯ ಸೀಸೆಯ ಮೇಲಿನ, ಬ್ಯಾಂಕಿನ ಚೀಟಿಯ ಮೇಲಿನ ನಾಲ್ಕು ಇಂಗ್ಲಿಷ್ ಮಾತುಗಳನ್ನು ತಾನೇ ಓದಿಕೊಳ್ಳುವಂತಾಗಬೇಡವೆ? ಯಳಂದೂರು ತಾಲ್ಲೂಕಿನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಪ್ರಾರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಕಲಿತ ಸೋಲಿಗರ ಮಕ್ಕಳು ಮುಂದೆ ಓದಿ ಪದವೀಧರರಾದದ್ದನ್ನು ನೋಡಿದವರಿಗೆ, ಕೊರತೆ ಮಕ್ಕಳಲ್ಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವ್ಯವಹಾರದ ಮಾತು ಸ್ವಲ್ಪ ಉಳಿದಿದೆ. ಒಬ್ಬರೇ ಉಪಾಧ್ಯಾಯರಿರುವ ಶಾಲೆಯಿಂದ ಅವರನ್ನು ಕಮ್ಮಟಕ್ಕೆ ಕರೆದರೆ ಶಾಲೆಗೆ ಬೀಗ ಬೀಳುತ್ತದೆ, ಅಥವಾ ನೆರೆಯೂರಿನ ಮೇಷ್ಟರು ಎರಡು ಶಾಲೆಗಳ ನಡುವೆ ಓಡಾಡಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಕಮ್ಮಟ ಬೇಕಾದವರಿಗೇ ಅದು ಕಷ್ಟವಾಗುವುದು ಹೀಗೆ. ಅತಿಥಿ ಶಿಕ್ಷಕರೆಂಬ ಹೆಸರಿನಲ್ಲಿ ಸ್ವಲ್ಪ ಸಂಬಳಕ್ಕೆ ದುಡಿಯುವ ತರುಣ ತರುಣಿಯರನ್ನೂ ಕಮ್ಮಟಕ್ಕೆ ಕರೆಯಬೇಕು. ಮೂಲೆಯ ಶಾಲೆಗಳ ಇಂಗ್ಲಿಷು ಎಷ್ಟೋ ಸಲ ಅವರ ಕೈಯಲ್ಲಿಯೇ ಇರುತ್ತದೆ. ಐದು ದಿನ ಒಟ್ಟಿಗೆ ನಡೆಸಿ ವರ್ಷವೆಲ್ಲ ಮರೆಯುವುದಕ್ಕಿಂತ ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ನಾಲ್ಕೈದು ಶಾಲೆಯವರು ಯಾವುದಾದರೊಂದು ಶಾಲೆಯಲ್ಲಿ ಕೂಡಿ, ಒಬ್ಬರ ಪಾಠವನ್ನು ಉಳಿದವರು ನೋಡಿ, ಒಂದು ಪುಸ್ತಕವನ್ನು ಒಟ್ಟಿಗೆ ಓದಿದರೆ ಹೆಚ್ಚು ಫಲವೆಂದು ನಮಗೆ ತೋರುತ್ತದೆ. ಅದಕ್ಕೆ ಭಾಷಣಕಾರರೂ ಬೇಡ, ಬಣ್ಣದ ಕಾಗದವೂ ಬೇಡ.

ಬಾನುಲಿಗೂ ಇದರಲ್ಲಿ ಪಾಲುಂಟು. ಮೈಸೂರಿನಲ್ಲಿ ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವನ್ನು ಪ್ರಾರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಅಧ್ಯಾಪಕರು. ಬಸ್ಸು ಹೋಗದ ಊರಿಗೂ ದನಿ ಹೋಗುತ್ತದೆಂಬುದನ್ನು ಅವರು ಬಹು ಹಿಂದೆಯೇ ತೋರಿಸಿಕೊಟ್ಟರು. ಆ ಮೇಲಿನ ಕಾಲದಲ್ಲಿ ಕರ್ನಾಟಕದ ಶಾಲೆಗಳಿಗೆ ‘ಕೇಳಿ ಕಲಿ’ ಎಂಬ ಆಕಾಶವಾಣಿಯ ಪಾಠಗಳು ಬಂದುವು. ಅವು ಮಕ್ಕಳಿಗಾಗಿ ಇದ್ದಂಥವು. ಉಪಾಧ್ಯಾಯರಿಗಾಗಿಯೇ, ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ, ನಿಧಾನವಾದ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಒಂದು ಕಥೆ, ಕೊನೆಗೆ ಮಾರನೆಯ ದಿನ ತರಗತಿಯಲ್ಲಿ ಆಡಬಹುದಾದ ಹತ್ತು ವಾಕ್ಯಗಳು ಪ್ರಸಾರವಾದರೆ, ಮಾದೇಶ್ವರನ ಬೆಟ್ಟದ ಮೇಲಿನ ಮೇಷ್ಟರು ಯಾರೂ ನಗುವವರಿಲ್ಲದ ತಮ್ಮ ಮನೆಯೊಳಗೆ ಕುಳಿತು ಅವನ್ನು ಗಟ್ಟಿಯಾಗಿ ಹೇಳಿಕೊಳ್ಳಬಹುದು. ಸೋಮವಾರ ಮತ್ತು ಅಮಾವಾಸ್ಯೆಯ ದಿನಗಳನ್ನು ಮಾತ್ರ ಬಿಡುವುದು ಮೇಲು. ಆ ದಿನಗಳಲ್ಲಿ ಬೆಟ್ಟಕ್ಕೆ ಭಕ್ತರ ನೂಕುನುಗ್ಗಲು, ಉಘೇ ಉಘೇ ಎಂಬ ಕೂಗಿನಲ್ಲಿ ರೇಡಿಯೋ ಕೇಳಿಸದು.